ಸ್ಪಷ್ಟನೆ: ಎಲೆಯ ಫೋಟೋದಲ್ಲಿ ಬೋರರ್ ಹುಳು ಸಿಗದು

‘ಎಲೆಯ ಫೋಟೋ ಹಾಕಿದರೆ ಎಐ ಬಿಳಿ ಕಾಂಡಕೊರಕವನ್ನು (ಕಾಂಡ ಕೊರೆಯುವ ಬೋರರ್ ಹುಳು) ಹಿಡಿಯುತ್ತದೆ, ಸರ್ಕಾರಿ ವಿಶ್ವವಿದ್ಯಾಲಯದ ಸಂಶೋಧನೆ ಇನ್ನೇಕೆ?’ ಎಂಬ ಸಂದೇಶ ಕೊಡಗಿನ ಕಾಫಿ ಬೆಳೆಗಾರರ ನಡುವೆ ಓಡಾಡುತ್ತಿದೆ. ಇದು ತಪ್ಪು.

ಎಲೆಯಡಿಯ ಕಿತ್ತಳೆ ಪುಡಿ ನೋಡಿ ತುಕ್ಕು ರೋಗ ಗುರುತಿಸಬಹುದು, ನಿಜ. ಆದರೆ ಬೋರರ್ ಮರಿಹುಳು ಇರುವುದು ಅರೇಬಿಕಾ ಕಾಫಿ ಗಿಡದ ಕಾಂಡದೊಳಗೆ. ಹೊರಗೆ ಕಾಣುವುದು ಮುಖ್ಯವಾಗಿ ತೊಗಟೆಯ ಉಬ್ಬುಗೆರೆ. ಬೋರರ್ ಹಿಡಿದರೆ ಎಲೆಯೂ ಹಳದಿಯಾಗುತ್ತದೆ, ಆದರೆ ಎಲೆ ಹಳದಿಯಾಗಲು ನೂರು ಕಾರಣ.

ಎಐ ಕಲಿಯುವುದು ಗುರುತು ಹಾಕಿಕೊಟ್ಟ ಚಿತ್ರಗಳಿಂದ. ಬ್ರೆಜಿಲ್‌ನ ಬಯಲು ಬಿಸಿಲಿನ ತೋಟದಲ್ಲಿ ಕಲಿತದ್ದು ನಮ್ಮ ಮರದ ನೆರಳಲ್ಲಿ, ಪಾಚಿ ಹಿಡಿದ ಕಾಂಡದೆದುರು ಎಡವಬಹುದು. ಇಲ್ಲಿನ ಚಿತ್ರ ಕೂಡಿಸಿ, ಕಾಂಡ ಸೀಳಿ ಖಚಿತಪಡಿಸುವವರು ಬೇಕು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯದಂಥ ಕಡೆಯ ವಿದ್ಯಾರ್ಥಿಗಳು ಮಾಡಲೇಬೇಕಾದ ಕೆಲಸವಿದು.

ಸಂದೇಶ ನಂಬಿ, ಬೋರರ್ ಹಿಡಿದ ಗಿಡ ಹುಡುಕಿ ಕೀಳುವುದನ್ನು ದಯವಿಟ್ಟು ನಿಲ್ಲಿಸಬೇಡಿ.