ಅರಿಶಿನ ಹಾಕಿದರೆ ಬಾಯ್ಲರ್ ಕೋಳಿಗೆ ತೂಕ ಬರುತ್ತಾ?

ಕೋಳಿ ಫಾರಂನವರ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ದಿನಾ ಇದೇ ಜಾಹೀರಾತು. ಹರ್ಬಲ್ ಗ್ರೋತ್ ಪ್ರಮೋಟರ್, ನೂರಕ್ಕೆ ನೂರು ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ. ಡಬ್ಬದ ಮೇಲೆ ತುಳಸಿ ಎಲೆ. ಒಳಗೆ ಏನಿದೆ, ಎಷ್ಟಿದೆ ಅಂತ ಕೇಳಿದರೆ "ಅದು ಕಂಪನಿ ಫಾರ್ಮುಲಾ ಸಾರ್" ಅಂತಾರೆ.

ಗಿಡಮೂಲಿಕೆಯಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಆಗುತ್ತೆ. ಆದರೆ ಇವರು ಹೇಳುವ ರೀತಿಯಲ್ಲಿ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1940ರ ದಶಕದ ಕೊನೆಗೆ ಅಮೆರಿಕದ ಲೆಡರ್ಲೆ ಲ್ಯಾಬಿನಲ್ಲಿ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬ ಇಬ್ಬರು, ಆಂಟಿಬಯೋಟಿಕ್ ತಯಾರಿಸಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಜೋರಾಗಿ ಬೆಳೆದವು. ಅಲ್ಲಿಂದ ಜಗತ್ತೆಲ್ಲ ರೋಗ ಇರಲಿ ಬಿಡಲಿ ಫೀಡಿಗೆ ಆಂಟಿಬಯೋಟಿಕ್ ಬೆರೆಸೋದು ಶುರುವಾಯಿತು. ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡ ಮೇಲೆ ಎಚ್ಚರವಾಯಿತು. ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಯುರೋಪಿಯನ್ ಒಕ್ಕೂಟ 2006ರಲ್ಲಿ. ನಮ್ಮಲ್ಲಿ 2014ರಲ್ಲಿ ಸಿಎಸ್‌ಇ ಎಂಬ ಪರಿಸರ ಸಂಸ್ಥೆಯವರು ದೆಹಲಿ ಸುತ್ತಮುತ್ತಲಿನ 70 ಕೋಳಿ ಮಾಂಸದ ಸ್ಯಾಂಪಲ್ ಪರೀಕ್ಷಿಸಿದಾಗ ಶೇ 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತು. 2019ರಲ್ಲಿ ಕೋಳಿಗಳಿಗೆ ಕೊಡುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಬ್ಯಾನ್ ಆಯಿತು. ಹೀಗೆ ಖಾಲಿಯಾದ ಜಾಗಕ್ಕೇ ಈ ಹರ್ಬಲ್ ಡಬ್ಬಗಳು ಬಂದು ಕೂತಿರೋದು.

ಒಂದು ವಿಷಯ ಇಲ್ಲಿ ತುಂಬಾ ಜನ ಗಮನಿಸಲ್ಲ. ಆಂಟಿಬಯೋಟಿಕ್ ಕೂಡ ನೇರವಾಗಿ ಮಾಂಸ ಬೆಳೆಸುತ್ತಿರಲಿಲ್ಲ. ಕರುಳಿನ ರೋಗಾಣುಗಳನ್ನು ಹಿಡಿತದಲ್ಲಿಟ್ಟು, ತಿಂದದ್ದು ಮೈಗೆ ಹತ್ತುವ ಹಾಗೆ ಮಾಡುತ್ತಿತ್ತು. ಹಾಗಾಗಿಯೇ ಗಲೀಜು ಶೆಡ್ಡಿನಲ್ಲಿ ಅದರ ಪರಿಣಾಮ ಜಾಸ್ತಿ, ಸ್ವಚ್ಛ ಶೆಡ್ಡಿನಲ್ಲಿ ಕಡಿಮೆ. ಅಜವಾನದ ಥೈಮಾಲ್, ದಾಲ್ಚಿನ್ನಿ ಎಣ್ಣೆ, ಬೆಳ್ಳುಳ್ಳಿ ಇವೆಲ್ಲ ಮಾಡೋದೂ ಬಹುಪಾಲು ಇದೇ ಕೆಲಸ, ಇನ್ನೂ ಮೆತ್ತಗೆ. ಒಂದು ಪ್ರಯೋಗದಲ್ಲಿ ತೂಕ ಬಂತು ಅಂತಲೂ ಇನ್ನೊಂದರಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತಲೂ ಬರೋದಕ್ಕೆ ಇದೂ ಒಂದು ಕಾರಣ.

ಅಂದಮೇಲೆ ಮೊದಲು ನೋಡಬೇಕಾದ್ದು ಲಿಟರ್, ಅಂದರೆ ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು ಅಲ್ವಾ? ಭತ್ತದ ಹೊಟ್ಟನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ, ಉದುರಬೇಕು. ಉಂಡೆಯಾಗಿ ನಿಂತರೆ ಎಲ್ಲೋ ನೀರಿನ ನಿಪ್ಪಲ್ ಸೋರುತ್ತಿದೆ. ನಿಂತು ಮೂಸಿದರೆ ಸಾಲದು, ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಕ್ಕೆಯಿಂದ ಏಳುವ ಅಮೋನಿಯಾಕ್ಕೆ ನಿಮ್ಮ ಕಣ್ಣು ಉರಿದರೆ, ಹಗಲೂ ರಾತ್ರಿ ಅಲ್ಲೇ ಇರುವ ಕೋಳಿಯ ಗತಿ ಏನು? ಅದರ ಮೇಲೆ ಅಶ್ವಗಂಧ ಕೊಟ್ಟು ಏನು ಪ್ರಯೋಜನ.

ಇನ್ನು ಲೆಕ್ಕ. ಎರಡು ಕೆಜಿ ಕೋಳಿ, ಎಫ್‌ಸಿಆರ್ (ಒಂದು ಕೆಜಿ ತೂಕ ಬರಲು ಎಷ್ಟು ಕೆಜಿ ಫೀಡು ಬೇಕು ಅನ್ನೋ ಲೆಕ್ಕ) 1.6 ಅಂತ ಇಟ್ಟುಕೊಳ್ಳಿ, ಒಂದು ಕೋಳಿ ತಿನ್ನೋದು 3.2 ಕೆಜಿ ಫೀಡ್. ಕೆಜಿಗೆ 5 ಗ್ರಾಂ ಅರಿಶಿನ ಹಾಕಿದರೆ 16 ಗ್ರಾಂ. ಪುಡಿ ಕೆಜಿಗೆ 200 ರೂಪಾಯಿ ಅಂದರೂ ಕೋಳಿಗೆ 3 ರೂಪಾಯಿ 20 ಪೈಸೆ ಖರ್ಚಾಯಿತು. ಅದೃಷ್ಟಕ್ಕೆ ಫೀಡಿನಲ್ಲಿ ಶೇ 3 ಉಳಿಯಿತು ಅನ್ನಿ, ಸುಮಾರು 96 ಗ್ರಾಂ. ಫೀಡ್ ಕೆಜಿಗೆ 40 ರೂಪಾಯಿಯಾದರೆ ಉಳಿದದ್ದು 3 ರೂಪಾಯಿ 84 ಪೈಸೆ. ಕೈಗೆ ಸಿಕ್ಕಿದ್ದು 64 ಪೈಸೆ! ಅದೂ ಸ್ವಂತ ಫಾರಂ ಇದ್ದವರಿಗೆ. ಇಂಟಿಗ್ರೇಶನ್‌ನಲ್ಲಿ, ಅಂದರೆ ಕಂಪನಿ ಜತೆ ಕರಾರು ಮಾಡಿಕೊಂಡು ಸಾಕುವವರಿಗೆ ಮರಿಯೂ ಕಂಪನಿಯದು, ಫೀಡೂ ಕಂಪನಿಯದು, ಉಳಿದ ಫೀಡೂ ಕಂಪನಿಯದೇ. ಸ್ವಂತ ದುಡ್ಡಲ್ಲಿ ಅರಿಶಿನ ಹಾಕಿ ಎಫ್‌ಸಿಆರ್ ಇಳಿಸಿದರೆ ರೈತನಿಗೆ ಬರೋದು ಏನಿದ್ದರೂ ಇನ್ಸೆಂಟಿವ್ ಅಷ್ಟೇ. ಸೂಪರ್‌ವೈಸರ್ ಕಣ್ಣಿಗೆ ಬಿದ್ದರೆ ಅದಕ್ಕೂ ಕಲ್ಲು.

ಪುಡಿಯ ಗುಣಮಟ್ಟ ಬೇರೆ ತಲೆನೋವು. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಒಂದೊಂದು ತಳಿಗೆ ಒಂದೊಂದು ಥರ, ಬಣ್ಣಕ್ಕೆ ಲೆಡ್ ಕ್ರೋಮೇಟ್ ಎಂಬ ಸೀಸದ ವಿಷ ಬೆರೆಸುವ ಪುಣ್ಯಾತ್ಮರೂ ಇದ್ದಾರೆ. ಫೀಡನ್ನು ಪೆಲೆಟ್ (ಗುಳಿಗೆ) ಮಾಡುವಾಗಿನ ಬಿಸಿಗೆ ಸುಗಂಧದ ಎಣ್ಣೆಗಳು ಒಂದಷ್ಟು ಹಾರಿಯೇ ಹೋಗುತ್ತವೆ. ಒಳ್ಳೆಯ ಕಂಪನಿಗಳು ಈ ಎಣ್ಣೆಗೆ ಮೇಲೊಂದು ಪದರ ಕೊಟ್ಟು ಮಾರೋದು ಇದಕ್ಕೇ. ಅಂಥದ್ದಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಅರ್ಥ ಇದೆ.

ನನಗೆ ನಂಬಿಕೆ ಇರುವ ಜಾಗ ಒಂದಿದೆ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಮೆಕ್ಕೆಜೋಳಕ್ಕೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದಲ್ಲ, ಆಗ ಲಿವರಿಗೆ ಬೀಳುವ ಹೊಡೆತವನ್ನು ಅರಿಶಿನ ತಗ್ಗಿಸುತ್ತದೆ ಅನ್ನೋದಕ್ಕೆ ಸಾಕಷ್ಟು ಪ್ರಯೋಗಗಳ ಆಧಾರ ಇದೆ. ಹಾಗಂತ ಜೋಳ ಒಣಗಿಸೋದನ್ನು ಬಿಡಬೇಡಿ ಮತ್ತೆ.

ಯಾರಾದರೂ ಹಾಕಿ ನೋಡೋದಾದರೆ ಶೆಡ್ಡಿನ ಮಧ್ಯೆ ಮೆಶ್ ಕಟ್ಟಿ. ಎರಡೂ ಕಡೆ ಒಂದೇ ಹ್ಯಾಚರಿ ಮರಿ, ಅದೇ ಫೀಡು, ಒಂದು ಕಡೆಗೆ ಮಾತ್ರ ಪುಡಿ. ಚೀಲದ ಲೆಕ್ಕ ಬೇರೆ ಬೇರೆ ಬರೆದಿಡಿ, ವಾರಕ್ಕೊಮ್ಮೆ ಎರಡೂ ಕಡೆಯಿಂದ ಒಂದಷ್ಟು ಕೋಳಿ ಹಿಡಿದು ತೂಗಿ. ಹೋದ ಬ್ಯಾಚಿಗೆ ಮಾತ್ರ ಹೋಲಿಸಬೇಡಿ, ಅದು ಏಪ್ರಿಲ್ ಬಿಸಿಲಲ್ಲಿ ಬೆಳೆದದ್ದಾಗಿದ್ದರೆ ಈಗ ಏನು ಹಾಕಿದರೂ ತೂಕ ಜಾಸ್ತಿಯೇ ಬರುತ್ತದೆ. ಡಬ್ಬ ಮಾರಲು ಬಂದವರಿಗೂ ಇದನ್ನೇ ಹೇಳಿ, ಅರ್ಧ ಶೆಡ್ಡಿಗೆ ಸ್ಯಾಂಪಲ್ ಕೊಡಿ, ತೂಕ ಬಂದರೆ ಪೂರ್ತಿ ದುಡ್ಡು ಕೊಡುತ್ತೇವೆ ಅಂತ. ಒಪ್ಪಿದವರು ಯಾರಾದರೂ ಸಿಕ್ಕರೆ ನನಗೂ ಇನ್‌ಬಾಕ್ಸ್ ಮಾಡಿ.