ಅವೇ ಗೋಲ್ ಹೋಯಿತು, ಹೋಗಬೇಕಿದ್ದ ಎಕ್ಸ್‌ಟ್ರಾ ಟೈಮ್ ಉಳಿಯಿತು

2021ರ ಜೂನ್‌ನಲ್ಲಿ ಯೂರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಅವೇ ಗೋಲ್ ನಿಯಮವನ್ನು, ಅಂದರೆ ಒಟ್ಟು ಗೋಲು ಸಮವಾದಾಗ ಎದುರಾಳಿ ಅಂಗಳದಲ್ಲಿ ಹೆಚ್ಚು ಹೊಡೆದವರನ್ನು ಗೆಲ್ಲಿಸುವ ನಿಯಮವನ್ನು, ಕೈಬಿಟ್ಟಿತು. 2021-22ರ ಸೀಸನ್ನಿಂದ ಯೂರೋಪಿನ ಕ್ಲಬ್ ಟೂರ್ನಿಗಳಲ್ಲಿ ಅದು ಇಲ್ಲ. ಆದರೂ ಚಾಂಪಿಯನ್ಸ್ ಲೀಗ್ ನಾಕೌಟ್ ಹಂತಕ್ಕೆ ಬಂತೆಂದರೆ ಅದೇ ಜಗಳ ಶುರು. ಪೀಡೆ ತೊಲಗಿತು ಅನ್ನುವವರು ಒಂದು ಕಡೆ, ಆಟದ ಮಜಾನೇ ಹೋಯಿತು ಅನ್ನುವವರು ಇನ್ನೊಂದು ಕಡೆ. ನನ್ನ ತಕರಾರು ಇವೆರಡೂ ಅಲ್ಲ. ಎರಡು ಲೆಗ್‌ಗಳ (ಒಬ್ಬೊಬ್ಬರ ಅಂಗಳದಲ್ಲಿ ಒಂದೊಂದು ಪಂದ್ಯದ) ಹಣಾಹಣಿಯಲ್ಲಿ ತೊಡಕು ಇದ್ದದ್ದು ಹೆಚ್ಚುವರಿ 30 ನಿಮಿಷದಲ್ಲಿ, ಅವೇ ಗೋಲಿನಲ್ಲಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದು.

ಮೊದಲು ಲೆಕ್ಕ ನೇರ ಮಾಡಿಕೊಳ್ಳೋಣ, ಯಾಕೆಂದರೆ ಈ ನಿಯಮವನ್ನು ವರ್ಷಗಟ್ಟಲೆ ತಪ್ಪಾಗಿ ಹೇಳಿಕೊಂಡು ಬಂದಿದ್ದೇವೆ. 'ಎದುರಾಳಿ ಅಂಗಳದಲ್ಲಿ ಹೊಡೆದ ಗೋಲಿಗೆ ಎರಡರ ಬೆಲೆ' ಎಂದು ವೀಕ್ಷಕ ವಿವರಣೆಕಾರರೂ ಹೇಳುತ್ತಿದ್ದರು. ಅದು ಸರಿಯಲ್ಲ. 'ಎ' ತಂಡ ತನ್ನ ಮನೆಯಂಗಳದಲ್ಲಿ 3-1ರಿಂದ ಗೆದ್ದು, 'ಬಿ' ತಂಡದ ಅಂಗಳದಲ್ಲಿ 0-1ರಿಂದ ಸೋತಿತು ಅಂದುಕೊಳ್ಳಿ. ಒಟ್ಟು 3-2, 'ಎ' ಮುಂದಕ್ಕೆ, ಕಥೆ ಮುಗಿಯಿತು. ಎರಡರ ಬೆಲೆ ಕಟ್ಟಿದರೆ 'ಬಿ' ತಂಡಕ್ಕೂ 3 ಆಗಿ ಸಮವಾಗಿಬಿಡುತ್ತದೆ! ನಿಜವಾದ ನಿಯಮದಲ್ಲಿ ಮೊದಲು ಎರಡೂ ಪಂದ್ಯಗಳ ಗೋಲು ಕೂಡಬೇಕು. ಒಟ್ಟು ಸಮವಾದರೆ ಮಾತ್ರ ಪರರ ಅಂಗಳದಲ್ಲಿ ಯಾರು ಹೆಚ್ಚು ಹೊಡೆದರು ಎಂದು ನೋಡಬೇಕು. ಅದೂ ಸಮವಾದರೆ 30 ನಿಮಿಷ ಹೆಚ್ಚುವರಿ ಆಟ. ಆಮೇಲೆ ಪೆನಾಲ್ಟಿ.

ನಿಯಮ ಹುಟ್ಟಿದ ಕಾಲಕ್ಕೆ ಅದು ಬೇಕಾಗಿಯೇ ಇತ್ತು. ಆಗ ಒಟ್ಟು ಗೋಲು ಸಮವಾದರೆ ತಟಸ್ಥ ಊರಿನಲ್ಲಿ ಮೂರನೇ ಪಂದ್ಯ ಆಡಬೇಕಿತ್ತು, ಅದೂ ಸಮವಾದರೆ ನಾಣ್ಯ ಚಿಮ್ಮುವುದು. 1965ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಕ್ವಾರ್ಟರ್ ಫೈನಲ್‌ನಲ್ಲಿ ಲಿವರ್‌ಪೂಲ್ ಮತ್ತು ಕಲೋನ್ ಎರಡು ಸಲ 0-0 ಆಡಿ, ರಾಟರ್‌ಡ್ಯಾಮ್‌ನಲ್ಲಿ 2-2 ಆಡಿ, ಕೊನೆಗೆ ಟಾಸ್‌ಗೆ ಹೋದವು. ಚಿಮ್ಮಿದ್ದು ಮೊದಲ ಸಲ ಕೆಸರಿನಲ್ಲಿ ಅಂಚಿನ ಮೇಲೆ ನಿಂತುಬಿಟ್ಟಿತು, ಮತ್ತೊಮ್ಮೆ ಚಿಮ್ಮಿದಾಗ ಲಿವರ್‌ಪೂಲ್‌ಗೆ ಒಲಿಯಿತು. ಐದು ಗಂಟೆ ಆಡಿದ ಮೇಲೆ ಸಿಕ್ಕ ನ್ಯಾಯ ಅದು. ಅದೇ ವರ್ಷ ಶುರುವಾದ, ಯೂರೋಪಿನ ಇನ್ನೊಂದು ಕ್ಲಬ್ ಟೂರ್ನಿಯಾದ 1965-66ರ ಕಪ್ ವಿನ್ನರ್ಸ್ ಕಪ್‌ನಲ್ಲಿ ಅವೇ ಗೋಲ್ ಜಾರಿಗೆ ಬಂತು. ಹಂಗೇರಿಯ ಹೊನ್ವೆಡ್ ಪ್ರಾಗ್‌ನಲ್ಲಿ ದುಕ್ಲಾವನ್ನು 3-2ರಿಂದ ಸೋಲಿಸಿ, ತನ್ನೂರಿನಲ್ಲಿ 1-2ರಿಂದ ಸೋತರೂ ಮುಂದಕ್ಕೆ ಹೋಯಿತು. ಆ ನಿಯಮದಿಂದ ಗೆದ್ದ ಮೊದಲ ತಂಡ ಅದೇ. ಪೆನಾಲ್ಟಿ ಶೂಟೌಟ್ ಫುಟ್‌ಬಾಲ್ ನಿಯಮಗಳೊಳಗೆ ಬಂದದ್ದು 1970ರಲ್ಲಿ. ಅಂದರೆ ಅವೇ ಗೋಲಿನ ಮೂಲ ಕೆಲಸ ಮೂರನೇ ಪಂದ್ಯ ಮತ್ತು ಟಾಸ್ ತಪ್ಪಿಸುವುದಾಗಿತ್ತು. ದಾಳಿ ಮಾಡುವ ಆಟಕ್ಕೆ ಅದು ಪ್ರೋತ್ಸಾಹ ಎಂಬ ಮಾತು ಅದರ ಜೊತೆಗೇ ಅಂಟಿಕೊಂಡು ಬಂತು.

ಆ ಪ್ರೋತ್ಸಾಹ ಎಷ್ಟರಮಟ್ಟಿಗೆ ನಿಜ? ಮೊದಲ ಲೆಗ್ ಮನೆಯಂಗಳದಲ್ಲಿ ಆಡುವ ಕೋಚ್‌ನ ತಲೆಯೊಳಗೆ ಹೊಕ್ಕು ನೋಡಿ. 1-0 ಗೆಲುವು 2-1 ಗೆಲುವಿಗಿಂತ ಮೇಲು. 1-0 ಗೆದ್ದವನು ಅಲ್ಲಿ ಹೋಗಿ 1-2 ಸೋತರೂ ಉಳಿಯುತ್ತಾನೆ, 2-1 ಗೆದ್ದವನು 0-1 ಸೋತರೆ ಮನೆಗೆ. 0-0 ಪರವಾಗಿಲ್ಲ, 1-1 ತಲೆನೋವು. ಹೀಗಿರುವಾಗ ಮನೆಯ ತಂಡ ಬಾಗಿಲು ಹಾಕಿಕೊಂಡು ಕೂರದೆ ಇನ್ನೇನು ಮಾಡೀತು? ಹೊರಗಿನ ತಂಡವನ್ನು ಮುಂದಕ್ಕೆ ತಳ್ಳಲು ಮಾಡಿದ ನಿಯಮ ಮನೆಯವರನ್ನೇ ಹಿಂದಕ್ಕೆ ಎಳೆಯಿತು. ರದ್ದು ಮಾಡುವಾಗ ಯುಇಎಫ್‌ಎ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಜೊತೆಗೆ ಅಂಕಿಗಳನ್ನೂ ಮುಂದಿಟ್ಟಿತು: 1970ರ ದಶಕದ ಮಧ್ಯದಲ್ಲಿ ಮನೆಯ ಗೆಲುವು ಶೇ 61, ಹೊರಗಿನ ಗೆಲುವು ಶೇ 19 ಇದ್ದದ್ದು ಈಗ ಶೇ 47 ಮತ್ತು ಶೇ 30ಕ್ಕೆ ಬಂದಿದೆ. ಪರ ಊರಿನಲ್ಲಿ ಗೋಲು ಹೊಡೆಯುವುದು ಹಿಂದಿನಷ್ಟು ಸಾಹಸವಲ್ಲ ಎಂದಾದಮೇಲೆ ಅದಕ್ಕೆ ವಿಶೇಷ ಬಹುಮಾನ ಯಾಕೆ ಎಂಬುದು ವಾದ. ಒಪ್ಪುತ್ತೇನೆ. 2003ರ ಸೆಮಿಫೈನಲ್‌ನಲ್ಲಿ ಎಸಿ ಮಿಲಾನ್ ಮತ್ತು ಇಂಟರ್ ಎರಡೂ ಪಂದ್ಯವನ್ನು ಒಂದೇ ಸಾನ್ ಸಿರೋದಲ್ಲಿ ಆಡಿದವು. 0-0, ನಂತರ 1-1. ಎರಡನೆಯದಕ್ಕೆ ಕಾಗದದ ಮೇಲೆ ಇಂಟರ್ ಆತಿಥೇಯ, ಹಾಗಾಗಿ ಮಿಲಾನ್ 'ಪರರ ಅಂಗಳದ' ಗೋಲಿನಿಂದ ಫೈನಲ್‌ಗೆ ಹೋಯಿತು. ಅದೇ ಹುಲ್ಲು, ಅದೇ ಗೋಲುಕಂಬ.

ಹಾಗಾದರೆ ತಕರಾರು ಏನು? ಹೆಚ್ಚುವರಿ ಸಮಯದ ಲೆಕ್ಕ. ಮೊದಲ ಲೆಗ್ ಆತಿಥ್ಯ ವಹಿಸಿದ ತಂಡಕ್ಕೆ ತನ್ನ ಪ್ರೇಕ್ಷಕರ ಮುಂದೆ ಸಿಗುವುದು 90 ನಿಮಿಷ. ಎರಡನೆಯದನ್ನು ವಹಿಸಿದ ತಂಡಕ್ಕೆ, ಸಮವಾದರೆ, 120. ಈ 30 ನಿಮಿಷದ ವ್ಯತ್ಯಾಸ ಮೊದಲಿನಿಂದಲೂ ಇತ್ತು. ಆದರೆ ಯುಇಎಫ್‌ಎ ಟೂರ್ನಿಗಳಲ್ಲಿ ಆ 30 ನಿಮಿಷದಲ್ಲೂ ಅವೇ ಗೋಲ್ ಲೆಕ್ಕಕ್ಕೆ ಬರುತ್ತಿತ್ತು. ಅಂದರೆ ಹೊರಗಿನ ತಂಡಕ್ಕೆ ಅವೇ ಗೋಲ್ ಹೊಡೆಯಲು 120 ನಿಮಿಷ, ಇನ್ನೊಬ್ಬರಿಗೆ 90. ಒಂದು ಅನ್ಯಾಯಕ್ಕೆ ಎದುರಾಗಿ ಇನ್ನೊಂದು ಅನ್ಯಾಯ ನಿಂತು ಹೇಗೋ ತೂಗುತ್ತಿತ್ತು. 2021ರಲ್ಲಿ ತೆಗೆದದ್ದು ಒಂದನ್ನು ಮಾತ್ರ. ಇನ್ನೊಂದು ಕಡೆಯ ತೂಕ ಹಾಗೇ ಉಳಿದಿದೆ.

ಆ ತೂಗಾಟ ಹೇಗಿತ್ತು ಎಂದು ಹತ್ತಿರದಿಂದ ನೋಡಬೇಕಾದರೆ ನಿಯಮದ ಕೊನೆಯ ಸೀಸನ್ನಿನ ಯುವೆಂಟಸ್-ಪೋರ್ಟೊ ಪಂದ್ಯ ಸಾಕು. 2021ರಲ್ಲಿ ಪೋರ್ಟೊ ತನ್ನೂರಿನಲ್ಲಿ 2-1ರಿಂದ ಗೆದ್ದಿತ್ತು. ಟ್ಯೂರಿನ್‌ನಲ್ಲಿ 90 ನಿಮಿಷ ಮುಗಿದಾಗ ಯುವೆಂಟಸ್ 2-1. ಒಟ್ಟು 3-3, ಹೊರಗಿನ ಗೋಲೂ 1-1. ಹೀಗಾಗಿ ಹೆಚ್ಚುವರಿ ಸಮಯ. ತರೇಮಿ 54ನೇ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೋಗಿದ್ದರಿಂದ ಪೋರ್ಟೊ ಹತ್ತೇ ಜನ. 115ನೇ ನಿಮಿಷದಲ್ಲಿ ಸೆರ್ಜಿಯೊ ಒಲಿವೇರಾ ನೆಲಕ್ಕಂಟಿಸಿ ಹೊಡೆದ ಫ್ರೀಕಿಕ್ ತಡೆಗೋಡೆಯವರ ಕಾಲ ಕೆಳಗೆ ನುಸುಳಿ ಒಳಗೆ ಹೋಯಿತು. ಈಗ ಯುವೆಂಟಸ್‌ಗೆ ಒಂದಲ್ಲ, ಎರಡು ಬೇಕು. 117ರಲ್ಲಿ ರಾಬಿಯೊ ಒಂದು ಹೊಡೆದ. 3-2, ಒಟ್ಟು 4-4. ಸಾಲಲಿಲ್ಲ. ಪೋರ್ಟೊದ ಹೊರಗಿನ ಗೋಲು ಎರಡು, ಯುವೆಂಟಸ್‌ನದು ಒಂದು. ಗೋಲು ತಿಂದ ಆತಿಥೇಯ ತಂಡ ಹೆಚ್ಚುವರಿ ಸಮಯದಲ್ಲಿ ಎರಡು ಹೊಡೆಯಬೇಕಾಗುವುದು ಅನ್ಯಾಯ ಎಂದು ಯುಇಎಫ್‌ಎ ಅಧ್ಯಕ್ಷ ಚೆಫೆರಿನ್ ರದ್ದತಿಯ ಹೊತ್ತಿನಲ್ಲಿ ವಾದಿಸಿದ್ದರು. ಇಂಥ ಪಂದ್ಯ ನೋಡಿದವರಿಗೆ ಆ ಮಾತು ಸುಳ್ಳೆನ್ನಿಸದು. ಆದರೆ ಆ ಅನ್ಯಾಯ ತಲೆ ಎತ್ತಿದ್ದು ಹೆಚ್ಚುವರಿ ಸಮಯ ಇದ್ದದ್ದರಿಂದಲೇ ಅಲ್ಲವೇ?

ಈ ಲೆಕ್ಕ ರೆಫರಿಗಳನ್ನೂ ದಾರಿ ತಪ್ಪಿಸಿದೆ. 1971ರ ಕಪ್ ವಿನ್ನರ್ಸ್ ಕಪ್‌ನಲ್ಲಿ ರೇಂಜರ್ಸ್ ಮನೆಯಲ್ಲಿ ಸ್ಪೋರ್ಟಿಂಗ್ ವಿರುದ್ಧ 3-2 ಗೆದ್ದು, ಲಿಸ್ಬನ್‌ನಲ್ಲಿ ಹೆಚ್ಚುವರಿ ಸಮಯದ ನಂತರ 3-4 ಸೋತಿತು. ಒಟ್ಟು 6-6. ಹೊರಗೆ ರೇಂಜರ್ಸ್ ಹೊಡೆದದ್ದು ಮೂರು, ಸ್ಪೋರ್ಟಿಂಗ್ ಎರಡು. ರೇಂಜರ್ಸ್ ಆಗಲೇ ಗೆದ್ದಾಗಿತ್ತು. ರೆಫರಿ ಮಾತ್ರ ಪೆನಾಲ್ಟಿ ಒದೆಸಿದರು, ರೇಂಜರ್ಸ್ ಅದರಲ್ಲಿ ಸೋತಿತು. ನಿಯಮಪುಸ್ತಕ ತೋರಿಸಿದ ಮೇಲೆ ತೀರ್ಪು ತಿರುಗಿತು, ಅದೇ ರೇಂಜರ್ಸ್ 1972ರಲ್ಲಿ ಕಪ್ ಎತ್ತಿತು.

ಈಗ ರದ್ದತಿಯ ನಂತರದ ಪಂದ್ಯಗಳಿಗೆ ಹಳೆಯ ನಿಯಮ ಹಚ್ಚಿ ನೋಡಿ, ಸೋಜಿಗ ಎನಿಸುತ್ತದೆ. 2022ರ ಸೆಮಿಫೈನಲ್: ಮ್ಯಾಂಚೆಸ್ಟರ್ ಸಿಟಿ ಮನೆಯಲ್ಲಿ 4-3, ಮ್ಯಾಡ್ರಿಡ್‌ನಲ್ಲಿ ರೊಡ್ರಿಗೊ ಕೊನೆಯ ಗಳಿಗೆಯಲ್ಲಿ ಎರಡು ಹೊಡೆದು 90 ನಿಮಿಷಕ್ಕೆ ರಿಯಲ್ 2-1. ಒಟ್ಟು 5-5, ಹೊರಗಿನ ಗೋಲು ರಿಯಲ್‌ಗೆ 3, ಸಿಟಿಗೆ 1. ಹಳೆಯ ಲೆಕ್ಕದಲ್ಲಿ ಅಲ್ಲಿಗೇ ಮುಗಿಯುತ್ತಿತ್ತು, ಹೆಚ್ಚುವರಿ ಸಮಯದಲ್ಲಿ ರಿಯಲ್‌ನ ಬೆಂಜೆಮಾ ಹೊಡೆದ ಪೆನಾಲ್ಟಿ ಬೇಕಿರಲಿಲ್ಲ. 2024ರ ಕ್ವಾರ್ಟರ್ ಫೈನಲ್‌ನಲ್ಲಿ ಅದೇ ಎರಡು ತಂಡ: ಮ್ಯಾಡ್ರಿಡ್‌ನಲ್ಲಿ 3-3, ಮ್ಯಾಂಚೆಸ್ಟರ್‌ನಲ್ಲಿ 1-1. ಹಳೆಯ ಲೆಕ್ಕದಲ್ಲಿ ಸಿಟಿ ಪಾಸ್. ಹೊಸ ಲೆಕ್ಕದಲ್ಲಿ ಶೂಟೌಟ್, ರಿಯಲ್ 4-3, ಆ ವರ್ಷದ ಕಪ್ಪೂ ಅದರದ್ದೇ. 2025ರಲ್ಲಿ ರಿಯಲ್ ತನ್ನ ಮನೆಯಲ್ಲಿ 2-1, ಅಟ್ಲೆಟಿಕೊ ತನ್ನ ಮನೆಯಲ್ಲಿ 1-0, ಕೊನೆಗೆ ಶೂಟೌಟ್. ಹಳೆಯ ನಿಯಮ ಇದ್ದಿದ್ದರೆ ಅಟ್ಲೆಟಿಕೊ ಮುಂದಕ್ಕೆ, ಹೂಲಿಯನ್ ಆಲ್ವಾರೆಸ್ ಪೆನಾಲ್ಟಿ ಒದೆಯುವಾಗ ಚೆಂಡಿಗೆ ಎರಡು ಸಲ ಕಾಲು ತಗುಲಿತೋ ಇಲ್ಲವೋ ಎಂದು ಜಗತ್ತು ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಇರುತ್ತಿರಲಿಲ್ಲ.

ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಸಾಲು. ರದ್ದತಿಯ ನಂತರ ಹೆಚ್ಚುವರಿ ಸಮಯದಲ್ಲೇ ತೀರ್ಮಾನವಾದ ಕೆಲವು ದೊಡ್ಡ ಪಂದ್ಯಗಳು: 2022ರಲ್ಲಿ ರಿಯಲ್-ಚೆಲ್ಸಿ, ರಿಯಲ್-ಸಿಟಿ, 2025ರಲ್ಲಿ ಪಿಎಸ್‌ವಿ-ಯುವೆಂಟಸ್, ಇಂಟರ್-ಬಾರ್ಸಿಲೋನಾ, ಯುರೋಪಾ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್-ಲಿಯಾನ್. ಐದರಲ್ಲೂ ಗೆದ್ದದ್ದು ಎರಡನೇ ಲೆಗ್‌ನ ಆತಿಥೇಯರು. ಐದು ಪಂದ್ಯ ಏನನ್ನೂ ಸಾಬೀತು ಮಾಡುವುದಿಲ್ಲ, ಯುನೈಟೆಡ್ ಅಂತೂ 4-2ರಿಂದ ಹಿಂದೆ ಬಿದ್ದು 120 ದಾಟಿದ ಮೇಲೆ ಮ್ಯಾಗ್ವೈರ್ ತಲೆಯಿಂದ ಬದುಕಿತು. ಆದರೂ ಕಾರಣ ಊಹಿಸಲು ಕಷ್ಟವಿಲ್ಲ. 100ನೇ ನಿಮಿಷ ದಾಟಿದ ಮೇಲೆ ಸ್ನಾಯು ಹಿಡಿದುಕೊಳ್ಳುತ್ತದೆ, ಮಧ್ಯಮೈದಾನದಲ್ಲಿ ಹಳ್ಳ ಬೀಳುತ್ತದೆ. ಐದು ಬದಲಿಗಳನ್ನೂ 85ನೇ ನಿಮಿಷದೊಳಗೆ ಇಳಿಸಿ ಮುಗಿಸಿದ ಕೋಚ್‌ಗೆ ಹೆಚ್ಚುವರಿ ಸಮಯದಲ್ಲಿ ಸಿಗುವುದು ಒಂದೇ ಒಂದು ಹೊಸ ಬದಲಿ. ನಡುವೆ ನೀರು ಕುಡಿಯಲು ಒಂದು ನಿಮಿಷ. ಅಂಥ ಹೊತ್ತಲ್ಲಿ ಸುತ್ತಲಿನ ಕೂಗು ಯಾರ ಪರ ಎಂಬುದು ಎಣಿಕೆಗೆ ಬರುತ್ತದೆ.

ಇನ್ನೂ ಒಂದು ವಿಷಯ ಸೇರಿಸಿ. ಚಾಂಪಿಯನ್ಸ್ ಲೀಗ್‌ನ ಹೊಸ ಮಾದರಿಯಲ್ಲಿ ಲೀಗ್ ಹಂತದ ಮೊದಲ ಎಂಟು ತಂಡಗಳಿಗೆ 16ರ ಸುತ್ತಿನ ಎರಡನೇ ಲೆಗ್ ಮನೆಯಂಗಳದಲ್ಲಿ. ಮೇಲಿನ ಸ್ಥಾನಕ್ಕೆ ಬಹುಮಾನ ಬೇಕು, ಸರಿ. ಬಲಿಷ್ಠರಿಗೇ 30 ನಿಮಿಷದ ಉಡುಗೊರೆಯೂ ಬೇಕೇ?

ಬೇರೆಡೆ ದಾರಿ ಹುಡುಕಿದ್ದಾರೆ. ದಕ್ಷಿಣ ಅಮೆರಿಕದ ಕೋಪಾ ಲಿಬರ್ಟಡೋರಸ್ 2022ರಿಂದ ಅವೇ ಗೋಲ್ ಕೈಬಿಟ್ಟಿತು, ಫೈನಲ್ ಹೊರತು ನಾಕೌಟ್‌ನಲ್ಲಿ ಹೆಚ್ಚುವರಿ ಸಮಯವೂ ಇಲ್ಲ. 180 ನಿಮಿಷ ಸಮ, ನೇರ ಪೆನಾಲ್ಟಿ. ಆಫ್ರಿಕಾದ ಚಾಂಪಿಯನ್ಸ್ ಲೀಗ್ ಅವೇ ಗೋಲ್ ಉಳಿಸಿಕೊಂಡು ಹೆಚ್ಚುವರಿ ಸಮಯ ಬಿಟ್ಟಿದೆ. 2025ರ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಸನ್‌ಡೌನ್ಸ್ ಮನೆಯಲ್ಲಿ 0-0 ಆಡಿ, ಕೈರೋದಲ್ಲಿ ಅಲ್ ಅಹ್ಲಿ ಜೊತೆ 1-1 ಮಾಡಿಕೊಂಡು ಹೀಗೆಯೇ ಫೈನಲ್ ತಲುಪಿತು. ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ಲಬ್‌ಗಳ ಕಾನ್‌ಕಾಕಾಫ್ ಚಾಂಪಿಯನ್ಸ್ ಕಪ್‌ನಲ್ಲಿ ಅವೇ ಗೋಲ್ 180 ನಿಮಿಷದವರೆಗೆ ಮಾತ್ರ, ಹೆಚ್ಚುವರಿ ಸಮಯದ ಗೋಲಿಗೆ ಆ ಮಾನ್ಯತೆ ಇಲ್ಲ. ಮೂರರಲ್ಲಿ ನನಗೆ ಒಪ್ಪಿಗೆಯಾಗುವುದು ದಕ್ಷಿಣ ಅಮೆರಿಕದ್ದು. ಇಬ್ಬರಿಗೂ ಮನೆಯಲ್ಲಿ 90, ಹೊರಗೆ 90. ಅದಕ್ಕಿಂತ ಸಮಾನವಾದ ಹಂಚಿಕೆ ಇಲ್ಲ.

'ಶೂಟೌಟ್ ಅದೃಷ್ಟದ ಆಟ, ಅದೂ ಆತಿಥೇಯರ ಅಂಗಳದಲ್ಲೇ ನಡೆಯುತ್ತದಲ್ಲ' ಎಂದು ಕೇಳುವವರಿದ್ದಾರೆ. ನಡೆಯುತ್ತದೆ. ಆದರೆ ಅಲ್ಲಿ ಯಾವ ತುದಿಯಲ್ಲಿ ಒದೆಯಬೇಕು ಎಂಬುದಕ್ಕೂ ಯಾರು ಮೊದಲು ಎಂಬುದಕ್ಕೂ ಟಾಸ್ ಇದೆ. ಕೆಂಪು ಕಾರ್ಡಿನಿಂದಲೋ ಗಾಯದಿಂದಲೋ ಒಂದು ತಂಡದಲ್ಲಿ ಜನ ಕಡಿಮೆ ಇದ್ದರೆ ಎದುರಾಳಿಯೂ ಅಷ್ಟಕ್ಕೇ ಇಳಿಸಬೇಕು. ಹತ್ತು ಜನರೊಂದಿಗೆ 30 ನಿಮಿಷ ಓಡುವುದಕ್ಕಿಂತ ಅದು ಎಷ್ಟೋ ಮೇಲು. 2024ರಲ್ಲಿ ರಿಯಲ್ ಮ್ಯಾಂಚೆಸ್ಟರ್‌ನಲ್ಲಿ, 2025ರಲ್ಲಿ ಅಟ್ಲೆಟಿಕೊ ಅಂಗಳದಲ್ಲಿ, ಅದೇ ವಾರ ಪಿಎಸ್‌ಜಿ ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಶೂಟೌಟ್ ಗೆದ್ದು ಹೊರಬಂದವು. ಮೂವರೂ ಹೊರಗಿನವರು.

ಫೈನಲ್‌ಗೆ ಈ ತಕರಾರು ಅನ್ವಯಿಸುವುದಿಲ್ಲ. ಅಲ್ಲಿ ಇರುವುದು ಒಂದೇ ಪಂದ್ಯ, ಸಾಮಾನ್ಯವಾಗಿ ಯಾರ ಮನೆಯೂ ಅಲ್ಲದ ಅಂಗಳ. 30 ನಿಮಿಷ ಧಾರಾಳವಾಗಿ ಆಡಲಿ.