ಪಿಂಗ್ ಬಂದರೆ ಸಾಲದು

ಆಸ್ಪತ್ರೆಯ ಸರ್ವರ್‌ಗೆ ಐದು ನಿಮಿಷಕ್ಕೊಮ್ಮೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಎಂದು ಜಾಲದ ಮೂಲಕ ಕೇಳಿದರೆ, ಅದು ಸರಿಯಾಗಿದೆಯೇ ಎಂದು ತಿಳಿಯಲು ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಖಂಡಿತ ಸಾಲದು. ಡೇಟಾಬೇಸ್ ನಿಂತಿದ್ದರೂ ಪಿಂಗ್‌ಗೆ ಉತ್ತರ ಬರುತ್ತಲೇ ಇರುತ್ತದೆ. ನಿಮಿಷಕ್ಕೊಮ್ಮೆ ಲಾಗಿನ್ ಆಗಿ ಒಂದು ಪರೀಕ್ಷಾ ದಾಖಲೆ ತೆರೆದು ನೋಡುವ ಸ್ಕ್ರಿಪ್ಟ್ ಇರಲಿ. ಡಿಸ್ಕ್ ಮೇಲಂತೂ ಕಣ್ಣಿಡಲೇಬೇಕು: ಡೇಟಾಬೇಸ್ ತನ್ನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಟ್ರಾನ್ಸಾಕ್ಷನ್ ಲಾಗ್, ಅದರ ಬ್ಯಾಕಪ್ ತಪ್ಪಿದರೆ, ಬೆಳೆಯುತ್ತಾ ಹೋಗಿ ಜಾಗ ತುಂಬುತ್ತದೆ, ಆಮೇಲೆ ಒಂದು ಓಪಿಡಿ (ಹೊರರೋಗಿ) ಚೀಟಿಯೂ ಸೇವ್ ಆಗದು. 80% ತುಂಬಿದಾಗಲೇ ಎಚ್ಚರಿಕೆ ಬರಬೇಕು.

ಇನ್ನು ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲು! ಕರೆಂಟ್ ಹೋದಾಗ ಸರ್ವರ್ ನಡೆಸುವ ಯುಪಿಎಸ್‌ನ ಕೋಣೆಗೆ ಏಸಿ ಇಲ್ಲದಿದ್ದರೆ ಅದರ ಲೆಡ್ ಆಸಿಡ್ ಬ್ಯಾಟರಿ ಬೇಗ ಸಾಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಸುಮಾರು ಅರ್ಧವಾಗುತ್ತದೆ. ಅಲ್ಲೊಂದು ಉಷ್ಣಾಂಶ ಸೆನ್ಸರ್ ಹಾಕಿಸಿ. ಎಚ್ಚರಿಕೆಯ ಎಸ್ಸೆಮ್ಮೆಸ್ ಆಸ್ಪತ್ರೆಯ ಇಂಟರ್ನೆಟ್ಟನ್ನೇ ನೆಚ್ಚಬಾರದು, ಬೇರೆ ಸಿಮ್ ಇರುವ ಮೋಡೆಮ್‌ನಿಂದ ಹೋಗಲಿ.